ತುಂಬಿದ ಬಟ್ಟಲು

ಶಾಂತೌ,
ಚಂದ್ರಹಬ್ಬದ ಮರುದಿನ

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಸಿಟ್ಟು ಓದು. ಫೋನಿನಲ್ಲಾದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಸೌಕರ್ಯವಿಲ್ಲ.

ನಿನ್ನೆ ದೆಹಾಯ್‌ನನ್ನು, ನಾನು ಮದುವೆಯಾಗುವವನನ್ನು, ಮೊದಲ ಸಲ ನಿನ್ನ ಮನೆಗೆ ಕರೆತಂದೆ. ದೊಡ್ಡಪ್ಪನೂ ಎದುರುಮನೆ ತ್ಸಾಯ್ ತಾತನೂ ಆಗಲೇ ಚಹದ ಹರಿವಾಣದ ಮುಂದೆ ಕೂತಿದ್ದರು. ಹೊಸಬರು ಹೊಸ್ತಿಲು ದಾಟಿದರೆ ಹಳೆ ಚಹದೆಲೆ ಚೆಲ್ಲಿ ಹೊಸ ಎಲೆ ಹಾಕಬೇಕು ಅಂತ ನನಗೆ ಕಲಿಸಿದವಳು ನೀನೇ. ಮೀನು ಮಾರುವವಳು ಒಂದು ಗಳಿಗೆ ಕೂತರೂ ಎಲೆ ಬದಲಿಸುತ್ತೀಯ. ಅವನಿಗೆ ಮಾತ್ರ ನೀನು ಹಳೆ ಎಲೆಯ ಬಣ್ಣಗೆಟ್ಟ ನೀರು ಬಗ್ಗಿಸಿದೆ, ಅದೂ ಅಂಚಿನ ತನಕ. ಮುಕ್ಕಾಲು ಬಟ್ಟಲು ಅತಿಥಿಗೆ, ತುಂಬಿದ ಬಟ್ಟಲು ತೊಲಗು ಅನ್ನಲಿಕ್ಕೆ. ನಮ್ಮ ಚಾವ್‌ಝೌ ಸೀಮೆಯಲ್ಲಿ ಇದು ಕೂಸಿಗೂ ಗೊತ್ತು. ಬಾಯಿಬಿಟ್ಟು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನೀನು ನಗುನಗುತ್ತಲೇ ಕತ್ತು ಕೊಯ್ದೆ.

ಅವನು ದೂರದ ಉತ್ತರದ ಹಾರ್ಬಿನ್ ಕಡೆಯವನು, ಮುಚ್ಚಳವಿರುವ ದೊಡ್ಡ ಲೋಟದಲ್ಲಿ ಚಹ ಕುಡಿದು ಬೆಳೆದವನು. ಸುಡುವ ಬಟ್ಟಲನ್ನು ಎರಡೇ ಬೆರಳಲ್ಲಿ ಹಿಡಿದು ಒಂದು ಹನಿ ಚೆಲ್ಲದೆ ಕುಡಿದ. ಬಂದರಿನಲ್ಲಿ ಕ್ರೇನ್ ನಡೆಸುವ ಕೈ ಅದು. ಮೇಲಿಂದ "ಅಮ್ಮನ ಕೈ ಬಲು ಧಾರಾಳ" ಅಂದ. ದೊಡ್ಡಪ್ಪ ಕೆಮ್ಮುವ ನೆಪದಲ್ಲಿ ನಕ್ಕರು. ನೀನು ಮತ್ತೆ ತುಂಬಿದೆ. ಅವನು ನಮ್ಮವರ ಹಾಗೇ ಮೇಜನ್ನು ಬೆರಳಿನಿಂದ ತಟ್ಟಿ ಉಪಕಾರ ಹೇಳಿ, ಅದನ್ನೂ ಕುಡಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉತ್ತರದವನು, ನಮ್ಮ ಭಾಷೆ ಬಾರದು, ಚಹ ಮಾಡಲು ಬಾರದು, ಇದೇ ತಾನೆ ನಿನ್ನ ತಕರಾರು? ಅಪ್ಪನಿಗೆ ಎಲ್ಲ ಬರುತ್ತಿತ್ತು. ಹರಿವಾಣದ ಮೂರು ಬಟ್ಟಲನ್ನು ಅವರಷ್ಟು ಚಂದ ತೊಳೆಯುವವರು ಕೇರಿಯಲ್ಲೇ ಇರಲಿಲ್ಲ. ತೊಳೆಯುತ್ತಾ ಕೂತೇ ಅಂಗಡಿ ಮುಳುಗಿಸಿದರು. ಅಂಥ ಅಳಿಯ ಬೇಕಿದ್ದರೆ ನೀನೇ ಹುಡುಕಿಕೋ, ಮದುವೆಯನ್ನೂ ನೀನೇ ಆಗು.

ವರ್ಷದ ಕೊನೆಗೆ ನಮ್ಮ ಮದುವೆ. ಇಬ್ಬರೂ ಮೊಣಕಾಲೂರಿ ನಿನಗೆ ಚಹ ಕೊಡುತ್ತೇವೆ. ಕುಡಿದರೆ ಅವನು ನಿನ್ನ ಅಳಿಯ. ಮುಟ್ಟದೆ ಇಟ್ಟರೆ ನಾನೂ ಅವನ ಜೊತೆಯೇ ಎದ್ದು ಹೋಗುತ್ತೇನೆ, ಮತ್ತೆ ಆ ಹರಿವಾಣದ ಮುಂದೆ ಕೂರುವುದಿಲ್ಲ.

ಸಿಟ್ಟು ಇನ್ನೂ ಇಳಿಯದ ನಿನ್ನ ಮಗಳು,
ವಾನ್‌ಯಿನ್

ಮತ್ತೆ: ಲಕೋಟೆ ಅಂಟಿಸಬೇಕು ಅನ್ನುವಾಗ ಇಲ್ಲಿ ನನ್ನ ಅಡುಗೆಮನೆಯಲ್ಲಿ ನೀರಿನ ಸದ್ದಾಯಿತು. ದೆಹಾಯ್ ತಣ್ಣೀರು ಇಟ್ಟುಕೊಂಡು ಮುಕ್ಕಾಲು ಬಟ್ಟಲು ಬಗ್ಗಿಸುವುದನ್ನು ಅಭ್ಯಾಸ ಮಾಡುತ್ತಿದ್ದ. ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಬಂದರಿನಲ್ಲಿ ನಿಮ್ಮೂರಿನವರೇ ತುಂಬಿದ್ದಾರೆ, ತುಂಬಿದ ಬಟ್ಟಲಿನ ಅರ್ಥ ಕೆಲಸಕ್ಕೆ ಸೇರಿದ ವಾರವೇ ಗೊತ್ತಾಯಿತು ಅಂದ. ಮತ್ತೆ ನಿನ್ನೆ ಯಾಕೆ ಕುಡಿದೆ ಅಂದೆ.

"ನಾನು ಎದ್ದು ಬಂದಿದ್ರೆ ನಾಕು ಜನರ ಮುಂದೆ ಅಮ್ಮ ಕೆಟ್ಟೋರಾಗೋರು. ಕುಡಿದೆ, ನಾನು ಪೆದ್ದನಾದೆ. ಅಷ್ಟೇ ತಾನೆ?"

ಅವನ ಬೆರಳಲ್ಲಿ ಬೊಬ್ಬೆ ಎದ್ದಿದೆ, ಅಮ್ಮಾ.