ದೀಪ ಇಳಿಸದ ಹಗೇವು

ಎರೆಹಾಳ. ಹಗೇವು ತೆರೆದ ಒಂಬತ್ತನೆಯ ವರ್ಷ, ಹಿಂಗಾರಿ ಬಿತ್ತನೆ ಮುಗಿದ ಮೂರನೆಯ ದಿನ.
ನಿಮ್ಮ ಎಣಿಕೆಯಲ್ಲಿ ಇಸವಿ ೨೧೮೭.

ಅಡಿವೆಪ್ಪಜ್ಜನವರಿಗೆ ಅವರ ಆರನೆಯ ತಲೆಮಾರಿನ ಮೊಮ್ಮಗಳು ಕಲ್ಲವ್ವ ಬರೆಯುವುದು.

ಹಿರಿಯರಿಗೆ ಬರೆಯುವಾಗ ಮೊದಲು ನಮಸ್ಕಾರ ಬರೆಯಬೇಕೆಂದು ನಮ್ಮಲ್ಲಿಯೂ ಹೇಳಿಕೊಡುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪೂರ್ತಿ ಓದಿದರೆ ಸಿಗುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಕ್ಷಮೆ ಕೇಳುವುದಿಲ್ಲ. ಕಾಗದವೊಂದು ನೂರೈವತ್ತು ವರ್ಷ ಹಿಂದಕ್ಕೆ ಹೇಗೆ ಬಂದೀತೋ ನನಗೆ ತಿಳಿಯದು. ನಿಮ್ಮ ಹಗೇವಿನಲ್ಲಿಯೇ ಇಡುತ್ತೇನೆ. ನಿಮ್ಮ ಕೈ ಮುಟ್ಟಿದ ಜಾಗ ಎಂದು ನಮ್ಮಲ್ಲಿ ಉಳಿದಿರುವುದು ಅದೊಂದೇ.

ಹಗೇವು ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಈ ಕಾಗದ ಬೇರೆ ಯಾರ ಕೈಗಾದರೂ ಬಿದ್ದರೆ ಇರಲಿ: ಎರೆನೆಲದೊಳಗೆ ಎರಡಾಳು ಆಳ ತೋಡಿ, ಹೊಟ್ಟೆ ಅಗಲ, ಬಾಯಿ ಸಣ್ಣದು ಮಾಡಿ, ಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತುವ ಕಣಜ. ಒಳಗಿಟ್ಟ ಜೋಳ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತದೆ. ನಿಮ್ಮ ಅಪ್ಪ, ಅವರ ಅಪ್ಪ ಎಲ್ಲರೂ ಬರಗಾಲ ದಾಟಿದ್ದು ಅದರಿಂದ.

ನಮ್ಮ ಮನೆಯ ಗೋಡೆಯ ಮೇಲೆ ನಿಮ್ಮದೊಂದು ಪಟ ಇದೆ. ಅಂಚು ಕರಗಿದರೂ ಮುಖ ಕಾಣುತ್ತದೆ. ಕೊರಳಲ್ಲಿ ಹಾರ, ಕೈಯಲ್ಲಿ ಸರ್ಕಾರದ ಸಹಾಯಧನದ ಪತ್ರ, ಕಾಲ ಕೆಳಗೆ ಆಗಷ್ಟೇ ಮುಚ್ಚಿದ ಹಗೇವು, ಹಿಂದೆ ಬೇವಿನ ಗಿಡ ಮತ್ತು ಹನುಮಪ್ಪನ ಕಲ್ಲು. ‘ಮಾದರಿ ರೈತ, ೨೦೩೪’ ಎಂದು ಬರೆದಿದೆ. ಎಲ್ಲರೂ ನಗುತ್ತಿದ್ದಾರೆ, ನಿಮ್ಮ ಪಕ್ಕದಲ್ಲಿ ನಿಂತ ಮಗಳು ಶಾಂತವ್ವ ಒಬ್ಬಳು ಬಿಟ್ಟು. ಆಕೆ ಮುಖ ಗಂಟು ಹಾಕಿಕೊಂಡಿದ್ದಾಳೆ. ಪ್ರತಿ ವರ್ಷ ಶೀಗಿಹುಣ್ಣಿಮೆಗೆ ಈ ಪಟಕ್ಕೆ ಊದಿನಕಡ್ಡಿ ಬೆಳಗುತ್ತಾ ಬೆಳೆದವಳು ನಾನು. ನೀವು ಏನು ಮಾಡಿದ್ದಕ್ಕೆ ಆ ಹಾರ ಬಿತ್ತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಶಾಲೆಯಲ್ಲಿ ಓದಿ ತಿಳಿದೆ. ಸರ್ಕಾರ ಊರೂರಿಗೆ ಉಕ್ಕಿನ ಕಣಜ ಕೊಟ್ಟಿತು. ಅದರ ಷರತ್ತು ಎರಡೇ: ಹಳೆಯ ಹಗೇವು ಮುಚ್ಚಬೇಕು, ಕಣಜದ ಯಂತ್ರ ಒಪ್ಪುವ ಬೀಜವನ್ನೇ ಬಿತ್ತಬೇಕು. ನೀವು ಒಪ್ಪಿದಿರಿ. ಊರೆಲ್ಲ ಒಪ್ಪಿತು. ಬಿಸಿಲಿಗೆ ಫಳಫಳ ಹೊಳೆಯುವ ಕಣಜ, ಅದಕ್ಕೆ ಸರ್ಕಾರದ ಕರೆಂಟು, ಸರ್ಕಾರದ ರಿಪೇರಿ, ಸರ್ಕಾರದ ಬೀಜ. ಕಾಳು ಬಿಸಿಯಾದರೆ ಕಣಜವೇ ಕೂಗಿ ಹೇಳುತ್ತಿತ್ತಂತೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಕಾಳನ್ನು ಹಲ್ಲಿಗಿಟ್ಟು ಕಡಿದು ಒಣಗಿದೆಯೋ ಇಲ್ಲವೋ ನೋಡುವವರು ಊರಲ್ಲಿ ಉಳಿಯಲಿಲ್ಲ.

ನಂತರ ಚುನಾವಣೆಯಲ್ಲಿ ಇನ್ನೊಂದು ಪಂಗಡ ಗೆದ್ದಿತು. ಬಡಗಿಗೆ ಸಹಾಯಧನ ಕೊಡುವುದಿಲ್ಲ, ಕಮ್ಮಾರನಿಗೆ ಕೊಡುವುದಿಲ್ಲ, ರೈತನಿಗೇಕೆ ಕೊಡಬೇಕು, ಅವನೇನು ನಮ್ಮ ಅಳಿಯನೇ ಎಂದು ಕೇಳಿತು. ಒಂದೇ ಮುಂಗಾರಿನಲ್ಲಿ ಎಲ್ಲ ನಿಂತಿತು. ಅದನ್ನು ನಾವು ‘ಕೈಬಿಟ್ಟ ವರ್ಷ’ ಎನ್ನುತ್ತೇವೆ. ಕರೆಂಟಿಲ್ಲದೆ ಕಣಜ ಬಾಯಿ ತೆರೆಯಲಿಲ್ಲ. ಒಳಗಿನ ಕಾಳು ಒಳಗೇ ಕೊಳೆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ ಅದು ಮಾತ್ರ ಇನ್ನೂ ಹದಿನೈದು ವರ್ಷ ಹೊಳೆಯುತ್ತಾ ನಿಂತಿತ್ತು.

ಅಲ್ಲಿಂದ ಮುಂದೆ ನಾವು ‘ಪಡಿಪುಡಿ’ ತಿಂದು ಬೆಳೆದೆವು. ಪಟ್ಟಣದಿಂದ ಬರುವ ಬೂದಿಬಣ್ಣದ ಪುಡಿ ಅದು. ನೀರಲ್ಲಿ ಕಲಸಿ ಕುಡಿಯಬೇಕು. ಹೊಟ್ಟೆ ತುಂಬುತ್ತದೆ, ಊಟ ಮಾಡಿದಂತೆ ಆಗುವುದಿಲ್ಲ. ‘ನೆರಳುಹೊತ್ತು’ ಎಂದರೆ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ. ಆ ಹೊತ್ತಿನಲ್ಲಿ ಬಯಲಿಗೆ ಹೋದವರು ಬಿಸಿಲಿಗೆ ಬದುಕುವುದಿಲ್ಲ. ಆಗ ನೆಲಮನೆಯಲ್ಲಿ ಕುಳಿತು ಮುದುಕಿಯರು ರೊಟ್ಟಿಯ ಸುದ್ದಿ ಹೇಳುತ್ತಿದ್ದರು, ಬಡಿಯುವ ಸಪ್ಪಳವನ್ನು ತೊಡೆಯ ಮೇಲೆ ಬಡಿದು ತೋರಿಸುತ್ತಿದ್ದರು. ನನ್ನ ಅಕ್ಕ ಸಾವಂತ್ರಿ ಆ ಸಪ್ಪಳ ಕೇಳಿಯೇ ಹುಚ್ಚಿಯಾದಳು. ಎಲ್ಲೆಲ್ಲೋ ತಿರುಗಿ ಬೊಗಸೆಯಷ್ಟು ಬಿಳಿಜೋಳ ತಂದಳು, ಏಳು ವರ್ಷ ಬಿತ್ತಿ ಬಿತ್ತಿ ಹೆಚ್ಚಿಸಿದಳು. ಇಡುವುದೆಲ್ಲಿ? ಮನೆಯಲ್ಲಿಟ್ಟರೆ ಸೆಕೆಗೆ ಹುಳ. ಆಗ ಆಕೆ ನಿಮ್ಮ ಪಟ ಇಳಿಸಿ, ಒರೆಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಬೇವಿನ ಗಿಡ ಸತ್ತಿದ್ದರೂ ಹನುಮಪ್ಪನ ಕಲ್ಲು ಅಲ್ಲೇ ಇತ್ತು. ಕಲ್ಲಿನಿಂದ ಎಂಟು ಹೆಜ್ಜೆ ಇಟ್ಟು ಅಗೆದೆವು.

ಅಜ್ಜ, ಅಲ್ಲಿ ನಿಮ್ಮ ಜಾಣತನ ಸಿಕ್ಕಿತು. ನೀವು ಹಗೇವನ್ನು ತುಂಬಿರಲಿಲ್ಲ. ಮೇಲಿನ ಕತ್ತಿನಲ್ಲಿ ಮಾತ್ರ ಕಲ್ಲು ಮಣ್ಣು ತುರುಕಿ, ಅದರ ಕೆಳಗೆ ಚಪ್ಪಡಿ ಹಾಗೆಯೇ ಬಿಟ್ಟಿದ್ದಿರಿ. ಸರ್ಕಾರಕ್ಕೆ ಬಾಯಿ ತೋರಿಸಿ ಹೊಟ್ಟೆ ಉಳಿಸಿಕೊಂಡಿದ್ದಿರಿ! ನಾವಿಬ್ಬರೂ ಅಲ್ಲೇ ಕುಳಿತು ನಕ್ಕೆವು. ಸಾವಂತ್ರಿ ನಿಮ್ಮನ್ನು ಎಷ್ಟು ಹೊಗಳಿದಳೋ. ಚಪ್ಪಡಿ ಸರಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು.

“ನೀ ಹಗ್ಗ ಹಿಡಿ ತಂಗಿ, ಅಜ್ಜ ಒಳಗ ಏನ್ ಬಿಟ್ಟಾನೋ ನೋಡಿ ಬರ್ತೀನಿ” ಅಂದಳು.

ಇಳಿದಳು. ಹಗ್ಗ ಸಡಿಲಾಯಿತು. ಕರೆದರೆ ಓ ಎನ್ನಲಿಲ್ಲ. ಎಳೆದು ಮೇಲೆ ತಂದಾಗ ಮೈಮೇಲೆ ಒಂದು ಗಾಯವಿರಲಿಲ್ಲ, ಉಸಿರಿರಲಿಲ್ಲ.

ಮೂರನೆಯ ದಿನ ಮಾತಾಡಿಸಲು ಪಕ್ಕದೂರಿನ ಹಜರಾಂಬಿ ಎಂಬ ತೊಂಬತ್ತರ ಮುದುಕಿ ಬಂದಳು. ವಿಷಯ ಕೇಳಿ ಎದೆ ಎದೆ ಬಡಿದುಕೊಂಡಳು. “ದೀಪ ಇಳಿಸಲಾರದ ಹಗೇವಿಗೆ ಮನಶ್ಯಾರನ್ನ ಇಳಿಸ್ತಾರೇನs ಯವ್ವಾ? ನಿಮಗ ಇಷ್ಟೂ ಹೇಳವ್ರು ಯಾರೂ ಇರಲಿಲ್ಲೇನು?”

ಇರಲಿಲ್ಲ. ಅದೇ ನನ್ನ ಸಿಟ್ಟು. ಮುಚ್ಚಿದ ಹಗೇವಿನಲ್ಲಿ ಗಾಳಿ ಸಾಯುತ್ತದೆ, ಮೊದಲು ದೀಪ ಇಳಿಸಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು. ನಿಮ್ಮ ಕಾಲದಲ್ಲಿ ದನ ಕಾಯುವವರಿಗೂ ತಿಳಿದಿದ್ದ ಸಂಗತಿ. ನೀವು ಹೊಟ್ಟೆ ಉಳಿಸಿದಿರಿ, ಮಾತು ಉಳಿಸಲಿಲ್ಲ. ಅಧಿಕಾರಿಗೆ ಗೊತ್ತಾದೀತೆಂದು ಸ್ವಂತ ಮಕ್ಕಳ ಮುಂದೆಯೂ ಬಾಯಿ ಬಿಡಲಿಲ್ಲವೇ? ಆ ಹಾರಕ್ಕೆ ಅಷ್ಟು ಹೆದರಿದಿರಾ?

ನಿಮ್ಮೊಬ್ಬರನ್ನೇ ಬೈಯುವುದು ನ್ಯಾಯವಲ್ಲ. ನಿಮ್ಮ ಕಾಲದ ಪತ್ರಿಕೆಗಳನ್ನು ಓದಿದ್ದೇನೆ. ರೈತರಿಗೆ ಸಹಾಯಧನ ಕೊಡಬೇಕೇ ಬೇಡವೇ ಎಂದು ಪುಟಗಟ್ಟಲೆ ಜಗಳ. ಒಬ್ಬರು ಅನ್ನದಾತ ಎಂದು ಕಾಲಿಗೆ ಬೀಳುತ್ತಾರೆ, ಇನ್ನೊಬ್ಬರು ಬಿಟ್ಟಿ ಕೂಳು ಎಂದು ಮೂಗು ಮುರಿಯುತ್ತಾರೆ. ಕೊಟ್ಟು ಏನನ್ನು ಕೊಳ್ಳುತ್ತಿದ್ದೇವೆ ಎಂದು ಒಬ್ಬರೂ ಕೇಳಲಿಲ್ಲ. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು ಎಂದು ಗೋಡೆಗೆ ಬರೆಸಿ, ಆ ವಿದ್ಯೆ ಮರೆಯುವುದಕ್ಕೆ ದುಡ್ಡು ಕೊಟ್ಟರು. ಮರೆತ ಮೇಲೆ ದುಡ್ಡನ್ನೂ ನಿಲ್ಲಿಸಿದರು. ಮೂಗಿಗೆ ತುಪ್ಪ ಸವರಿದವರೂ ಅವರೇ, ಆಮೇಲೆ ಮೂಗು ಕೊಯ್ದವರೂ ಅವರೇ.

ಈಗ ಮತ್ತೆ ಶುರುವಾಗಿದೆ. ಹಜರಾಂಬಿ ಹೇಳಿದಂತೆ ದೀಪ ಇಳಿಸಿ, ಅದು ಉರಿದ ಮೇಲೆ ಇಳಿದು, ಅಕ್ಕನ ಜೋಳವನ್ನು ನಿಮ್ಮ ಹಗೇವಿಗೇ ತುಂಬಿದೆವು. ಆ ಹಗೇವಿನ ಜೋಳ ಎರಡು ಮಳೆಯಿಲ್ಲದ ವರ್ಷ ಈ ಊರನ್ನು ಸಾಕಿದ್ದು ಪಟ್ಟಣಕ್ಕೆ ತಿಳಿದಿದೆ. ಬರುವ ಸೋಮವಾರ ದೊಡ್ಡಕಟ್ಟೆ, ಅಂದರೆ ನಮ್ಮ ಸರ್ಕಾರ, ಹಗೇವಿನ ಊರುಗಳಿಗೆ ನೆರವು ಕೊಡಬೇಕೇ ಬೇಡವೇ ಎಂದು ಕೂಡುತ್ತದೆ. ನಾನು ಎದ್ದು ನಿಂತು ಕೊಡಿ ಎಂದೇ ಹೇಳುತ್ತೇನೆ. ಮಳೆ ಬರದಿದ್ದರೆ ಬಡಗಿಯ ಉಳಿ ಒಣಗುವುದಿಲ್ಲ, ನಮ್ಮ ಹೊಲ ಒಣಗುತ್ತದೆ. ಆ ನಷ್ಟವನ್ನು ಉಣ್ಣುವವರೆಲ್ಲ ಹೊರಬೇಕು. ಆದರೆ ಷರತ್ತು ಹಾಕುವವರು ಮೊದಲು ಹಗ್ಗ ಕಟ್ಟಿಕೊಂಡು ಇಳಿಯಲಿ. ಒಂದು ಬಾಯಿ ಮುಚ್ಚಿಸಿ ಇನ್ನೊಂದು ತೆರೆಯುವ ನೆರವು ನಮಗೆ ಬೇಡ.

ಅಜ್ಜ, ಈ ಕಾಗದ ಸೇರುವ ಹೊತ್ತಿಗೆ ನೀವಿನ್ನೂ ಸಹಿ ಹಾಕಿರಲಿಕ್ಕಿಲ್ಲ. ಹಾಕಬೇಡಿ ಎನ್ನುವಷ್ಟು ಅಧಿಕಾರ ನನಗಿಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟಿದ್ದವೋ. ದುಡ್ಡು ತೆಗೆದುಕೊಳ್ಳಿ. ಹಾರವನ್ನೂ ಹಾಕಿಸಿಕೊಳ್ಳಿ. ಆದರೆ ಬಾಯಿ ಮುಚ್ಚುವ ಮುನ್ನ ಶಾಂತವ್ವನ ಕೈಗೆ ಕಂದೀಲು ಕೊಡಿ. ಹಗ್ಗಕ್ಕೆ ಕಟ್ಟಿ ತಳದವರೆಗೆ ಆಕೆಯೇ ಇಳಿಸಲಿ. ಆರಿದರೆ ಬಾಯಿ ತೆರೆದಿಟ್ಟು, ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಲಿ. ಮರುದಿನ ಮತ್ತೆ ಇಳಿಸಲಿ. ದೀಪ ಉರಿಯುವವರೆಗೆ ಯಾರೂ ಇಳಿಯಬಾರದೆಂದು ಹೇಳಿ, ನಿನ್ನ ಮಗಳಿಗೂ ಹೇಳು ಎಂದು ಹೇಳಿ. ಅಷ್ಟು ಮಾಡಿದರೆ ನಾನು ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ಬರೆದರೂ ಸಾವಂತ್ರಿ ಬರೆದಾಳು, ನನಗಿಂತ ಆಕೆಯ ಅಕ್ಷರ ಚಂದ.

ನಮಸ್ಕಾರ, ಅಜ್ಜ.