ಸತ್ತು ಬಂದ ಸಾಹೇಬ

ಮಿರಜ

ಆರಗದ ಅಕ್ಕನಿಗೆ ತಮ್ಮನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಹೊಸ ಧಾರಾವಾಹಿಯಲ್ಲಿ ನನಗೆ ಮತ್ತೆ ಇಂಗ್ಲಿಷ್ ಸಾಹೇಬನ ಪಾತ್ರವೇ ಸಿಕ್ಕಿದೆ. ಈ ಬೆಕ್ಕಿನ ಕಣ್ಣು, ಬಿಳಿ ತೊಗಲು ನೋಡಿದವರು ಬೇರೆ ವೇಷ ಕೊಟ್ಟದ್ದೇ ಇಲ್ಲ. ನಾಟಕದಲ್ಲೂ ಸಿನಿಮಾದಲ್ಲೂ ಹರಕು ಮರಾಠಿ ಮಾತಾಡಿ, ಕಡೆಗೆ ಯಾರದೋ ಗುಂಡಿಗೆ ಸಾಯುವುದೇ ನನ್ನ ಕಸುಬಾಯಿತು. ನಾನು ಬಿದ್ದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವ್ವ ಮಾತ್ರ ಬಾಗಿಲಲ್ಲೇ ತಡೆದು, "ಸತ್ತು ಬಂದಿ, ಅಲ್ಲೇ ನಿಂದ್ರು" ಎಂದು ರೊಟ್ಟಿಯ ತುಣುಕು ನಿವಾಳಿಸಿ ಬೀದಿಗೆ ಎಸೆದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಅವ್ವ ಹೋದ ಮೇಲೆ, ಲಗ್ನವಾಗಿ ಬಂದ ಸುಮನಳೂ ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ.

ಸುಮನ ತೀರಿಕೊಂಡ ಮೇಲೆ ಒಂದೇ ಸಲ ಸತ್ತಿದ್ದೇನೆ. ಅಂದು ಮನೆಗೆ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಸುಮ್ಮನೆ ನಿಂತೆ. ಪಕ್ಕದ ಮನೆಯ ಚೈತಾಲಿ, "ಕಾಕಾ, ಕೀಲಿ ಮರತು ಬಂದೀರೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಕೀಲಿ ಕಿಸೆಯಲ್ಲೇ ಇತ್ತು.

ಬರುವ ಸೋಮವಾರ ಹರಿಪುರದ ಹೊಳೆಯ ಘಾಟಿನಲ್ಲಿ ಶೂಟಿಂಗ್ ಇದೆ. ಸಂಜೆಯೊಳಗೆ ನನ್ನನ್ನು ಸಾಯಿಸಿಬಿಡುತ್ತಾರೆ. ನಿನ್ನ ಮೊಣಕಾಲಿನ ನೋವು ಗೊತ್ತು, ಆದರೂ ಮಧ್ಯಾಹ್ನದ ಬಸ್ಸಿಗೆ ಬಾ. ಕೀಲಿ ಚೈತಾಲಿಯ ಹತ್ತಿರ ಇರುತ್ತದೆ. ರೊಟ್ಟಿ ಕಟ್ಟಿಕೊಂಡು ಬರಬೇಡ, ಬೆಳಿಗ್ಗೆ ನಾನೇ ಬಡಿದಿಟ್ಟಿರುತ್ತೇನೆ. ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿರು. ನಾನು ಬಾಗಿಲು ಬಡಿಯುತ್ತೇನೆ.

ನಿನ್ನ
ಗುರುನಾಥ