ಇನ್ನೊಂದೀಟು ಮಬ್ಬು ತಗಿ

ಬಾದಾಮಿ
ಶನಿವಾರ, ೧೪ ಡಿಸೆಂಬರ್ ೨೦೨೪

ಪ್ರೀತಿಯ ಅಪ್ಪಾ,

ನಿಮ್ಮ ಸಿಟ್ಟು ಎಷ್ಟು ಇಳಿದಿದೆಯೋ ಗೊತ್ತಿಲ್ಲ, ನನ್ನ ಶರಣು ಮಾತ್ರ ನಿಮ್ಮ ಪಾದಕ್ಕೆ ಮುಟ್ಟಲಿ. ಮೊಣಕಾಲು ನೋವು ಹೇಗಿದೆ? ಶಿರೂರಿನ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಗುರುಲಿಂಗವ್ವತ್ತೆ ತಮ್ಮನಿಗೆ ದಿನಾ ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿ ಹಾಕುತ್ತಿರಬೇಕು, ಅದಕ್ಕೇ ಈ ಮನೆ ನೆನಪಾಗುತ್ತಿಲ್ಲ ಎಂದು ಅವ್ವ ದಿನಕ್ಕೆ ಮೂರು ಸಲ ಗೊಣಗುತ್ತಾಳೆ. ನೀವು ಫೋನ್ ಎತ್ತುವುದಿಲ್ಲ, ಹಾಗಾಗಿ ಈ ಕಾಗದ. ನಮ್ಮ ಫೋಟೋಗಳಿಗೆ ಫ್ರೇಮ್ ಕಟ್ಟುವ ಅಶ್ಫಾಕಣ್ಣ ಗಾಜು ತರಲು ಬಾಗಲಕೋಟೆಗೆ ಹೊರಟಿದ್ದಾನೆ, ದಾರಿಯಲ್ಲೇ ಶಿರೂರು, ನಿಮ್ಮ ಕೈಗೇ ಕೊಟ್ಟು ಹೋಗುತ್ತಾನೆ. ಅಕ್ಷರಗಳನ್ನು ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ, ನಗಬೇಡಿ.

ಅಂದು ಇಳಕಲ್ಲಿನ ಇಂದ್ರಾಬಾಯಿಯವರ ಸೀರೆಗಳ ಫೋಟೋ ಮುಂದಿಟ್ಟುಕೊಂಡು ನಾವಿಬ್ಬರು ಜಗಳಾಡಿದ್ದು ಇಡೀ ಓಣಿಗೆ ಕೇಳಿಸಿತು. ನಾನು ಕಂಪ್ಯೂಟರಿನಲ್ಲಿ ಫೋಟೋದ ಮಬ್ಬು ತೆಗೆಯುವ ಜಾರುಪಟ್ಟಿಯನ್ನು ನೂರರಲ್ಲಿ ಹತ್ತಕ್ಕೆ ನಿಲ್ಲಿಸಿದರೆ, ನೀವು ಕ್ಯಾಮೆರಾದಲ್ಲಿ ಇಣುಕುವಾಗಿನಂತೆಯೇ ಎಡಗಣ್ಣು ಮುಚ್ಚಿ ನನ್ನ ಹಿಂದೆ ನಿಂತು, “ಇನ್ನೊಂದೀಟು ಮಬ್ಬು ತಗಿ, ಎಳಿ” ಅನ್ನುತ್ತಿದ್ದಿರಿ. “ಎಲ್ಲೈತಿ ಅಪ್ಪಾ ಮಬ್ಬು?” ಎಂದಿದ್ದಕ್ಕೆ, “ನಲವತ್ತ ವರ್ಷ ಫೋಟೋ ತಗದೇನಿ, ನನಗ ಕಲಸ್ತೀಯೇನು?” ಎಂದು ಮೌಸ್ ಕಸಿದುಕೊಂಡು ಎಂಬತ್ತರವರೆಗೆ ಎಳೆದು ಕಳಿಸಿಬಿಟ್ಟಿರಿ. ಮರುದಿನ ಇಂದ್ರಾಬಾಯಿಯವರ ಫೋನು: “ಇವು ನಮ್ಮ ಮಗ್ಗದ ಸೀರಿ ಅಲ್ರಿ. ದಾಳಿಂಬ್ರಿ ಕೆಂಪಿನ ಸೆರಗು ಬದನಿಕಾಯಿ ಬಣ್ಣ ಆಗೇತಿ.” ನಾನು ಬಾಯಿಗೆ ಬೀಗವಿಲ್ಲದವಳು, ಗಿರಾಕಿಗಳ ಮುಂದೆಯೇ “ಇನ್ನ ನೀವು ಕಂಪ್ಯೂಟರ್ ಮುಟ್ಟಬ್ಯಾಡ್ರಿ” ಅಂದೆ. ನೀವು ಚೀಲ ಹಿಡಿದು ಹೊರಟೇಬಿಟ್ಟಿರಿ. ತಪ್ಪು ನನ್ನದು, ಅಪ್ಪಾ. ಆ ಮಾತು ನೆನೆದರೆ ಊಟ ಸೇರುವುದಿಲ್ಲ.

ನೀವು ಹೋದ ಮೇಲೆ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಹೊಂಡದ ಈಚೆ ದಂಡೆಯಿಂದ ತೆಗೆದ ಭೂತನಾಥ ಗುಡಿಯ ಫೋಟೋ ನೆನಪಿದೆಯೇ? ಚಳಿಗಾಲದ ಬೆಳಗು, ನೀರಿನ ಮೇಲೆ ನಿಜವಾದ ಮಬ್ಬು. ನಾನು ಹುರುಪಿನಿಂದ ಎಳೆಯುತ್ತಿದ್ದರೆ ನೀವು ಹದಿನೈದಕ್ಕೇ ಕೈ ಹಿಡಿದು, “ಸಾಕು ಬಸು, ಮುಂಜಾನಿ ಅನ್ನೂದು ಉಳೀಬೇಕು” ಅಂದಿರಿ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂದು ನನಗೆ ಕಲಿಸಿದವರೇ ನೀವು. ಆಮೇಲಿನ ಫೋಟೋಗಳಲ್ಲಿ ನೀವು ಎಳೆದದ್ದು ಹೋದ ವರ್ಷ ಮೂವತ್ತು, ಈ ಯುಗಾದಿಗೆ ಐವತ್ತು, ಈಗ ಎಂಬತ್ತು. ನಿಮ್ಮಂಥ ಕಸುಬುದಾರನ ಕೈ ಸುಮ್ಮನೆ ಕೆಡುವುದಿಲ್ಲ. ಅದನ್ನೇ ಮೂರು ದಿನ ಯೋಚಿಸಿದೆ.

ಇಂದ್ರಾಬಾಯಿಯವರಿಗೆ ಬೇರೆ ಫೋಟೋ ಮಾಡಿ ಕಳಿಸಿದೆ, ಒಪ್ಪಿದ್ದಾರೆ. ಸಂಕ್ರಾಂತಿ ಆದ ಮೇಲೆ ಹೊಸ ಸೀರೆಗಳು ಮಗ್ಗದಿಂದ ಇಳಿಯುತ್ತವಂತೆ. “ಅಪ್ಪಾರ್ನ ಕರಕೊಂಡ ಬಾ, ರೇಷ್ಮಿಗೆ ಬೆಳಕ ಹಿಡಿಯೂದು ಅವರಿಗೇ ಗೊತ್ತು” ಅಂದರು. ಖರೆ ಮಾತು, ನನಗೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ನಿಮ್ಮ ಕುರ್ಚಿಯ ಮೇಲೆ ಯಾರನ್ನೂ ಕೂಡಿಸಿಲ್ಲ.

ಅತ್ತೆಗೆ ಶರಣು ತಿಳಿಸಿ. ಅವ್ವ ನಿಮ್ಮ ಕಂಬಳಿ ಕಳಿಸಿದ್ದಾಳೆ, ಹೊದ್ದುಕೊಳ್ಳಿ.

ನಿಮ್ಮ ಬಾಯಿಬಡುಕ ಮಗಳು
ಬಸವೇಶ್ವರಿ

ತಾ.ಕ.: ಅಶ್ಫಾಕಣ್ಣ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಕಂಬಳಿಯೊಳಗೆ ಭೂತನಾಥ ಗುಡಿಯ ಆ ಫೋಟೋ ಇದೆ. ಅಂಗಳದ ಬಿಸಿಲಿಗೆ ಹಿಡಿದು ಮೊದಲು ನಿಮ್ಮ ರೂಢಿಯಂತೆ ಎಡಗಣ್ಣು ಮುಚ್ಚಿ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡಿ. ಮಬ್ಬು ಎಲ್ಲಿದೆ ಎಂದು ನಿಮಗೇ ತಿಳಿಯುತ್ತದೆ. ಹೆದರಬೇಡಿ, ಅತ್ತೆಯವರ ಕಣ್ಣಿನ ಪೊರೆ ಹೋದ ವರ್ಷವೇ ತೆಗೆದಿದ್ದಾರೆ, ಈಗ ಸೂಜಿಗೆ ದಾರ ಅವರೇ ಪೋಣಿಸುತ್ತಾರೆ. ಗುರುವಾರಕ್ಕೆ ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ನಿಮ್ಮ ಹೆಸರು ಬರೆಸಿದ್ದೇನೆ, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಈ ಮಬ್ಬನ್ನು ಮಾತ್ರ ಪೂರ್ತಿ ತೆಗೆಸೋಣ, ಅಪ್ಪಾ.